ಕೋಲಾರದ ಹಾದಿಯಲ್ಲೊಂದು ಗಗನದರ್ಪಣ

ಮುಳಬಾಗಿಲು ಸೀಮೆಯಲ್ಲಿ ಸಮುದ್ರವೆಂದರೆ ಕೆರೆ. ವರ್ಷವೆಲ್ಲ ಹರಿಯುವ ಹೊಳೆಯೊಂದೂ ಇಲ್ಲದ ಈ ನಾಡಿನ ಹಿರಿಯರು ಮಳೆಯ ನೀರಿಗೆ ಏರಿ ಕಟ್ಟಿ ನಿಲ್ಲಿಸಿ, ಅದನ್ನು ಸಮುದ್ರವೆಂದೇ ಕರೆದರು. ಆಸೆಗೆ ಮಿತಿಯುಂಟೆ! ದೇವರಾಯಸಮುದ್ರವೂ ಅಂಥ ಹೆಸರಿನ ಊರು. ವಿಜಯನಗರದ ದೇವರಾಯರನ್ನು ಅದು ನೆನಪಿಗೆ ತರುತ್ತದೆ. ಪ್ರೌಢದೇವರಾಯನ ದಂಡನಾಯಕನೂ ಕನ್ನಡದ ಕವಿಯೂ ಆಗಿದ್ದ ಲಕ್ಕಣ್ಣ ದಂಡೇಶನು ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲು ರಾಜ್ಯವನ್ನು ಆಳಿದವನೆಂಬುದನ್ನು ಬಲ್ಲವರಿಗೆ ಈ ಹೆಸರು ಇಲ್ಲಿಗೆ ಬಂದುದು ಅಚ್ಚರಿಯೆನಿಸದು.

ಕೋಲಾರದಿಂದ ಮುಳಬಾಗಿಲಿಗೆ ಹೆದ್ದಾರಿಯಲ್ಲಿ ಹೋಗುವವನಿಗೆ ಇಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಾತ್ರ ಕೆರೆಯಲ್ಲ, ಕಲ್ಲು. ಬಂಡೆಯ ಮೇಲೆ ಬಂಡೆ, ಅದರ ಮೇಲೊಂದು ಗುಂಡು; ಮುಟ್ಟಿದರೆ ಉರುಳೀತೆಂಬಂತೆ ಕಂಡರೂ ಯುಗಯುಗಗಳಿಂದ ಅಲ್ಲಿಯೇ ಕುಳಿತಿದೆ. ಸಂಜೆ ಬಿಸಿಲು ಇಳಿದ ಮೇಲೆಯೂ ಆ ಕಲ್ಲುಗಳು ಬಹಳ ಹೊತ್ತು ಬೆಚ್ಚಗಿರುತ್ತವೆ. ಬೇಸಗೆಯ ರಾತ್ರಿ ಅವುಗಳ ಮೇಲೆ ಅಂಗಾತ ಮಲಗಿ ನಕ್ಷತ್ರ ನೋಡುವ ಸುಖವನ್ನು ಈ ಸೀಮೆಯ ಹುಡುಗರು ಹಿಂದಿನಿಂದಲೂ ಬಲ್ಲರು. ಗಡಿಯಾರವಿಲ್ಲದ ಕಾಲದಲ್ಲಿ ಬೆಳ್ಳಿ ಮೂಡಿದುದನ್ನು ನೋಡಿ ಎತ್ತು ಹೂಡಿ ಕಪಿಲೆ ಹೊಡೆಯುತ್ತಿದ್ದ ರೈತರಿಗೂ ಆಕಾಶ ಮನೆಯ ಪಂಚಾಂಗದಂತಿತ್ತು. ಆ ಪಂಚಾಂಗದ ಅಕ್ಷರಗಳು ಈಗ ಅಳಿಸುತ್ತಿವೆ. ಹೋದ ಬೇಸಗೆಯಲ್ಲಿ ಏರಿಯ ಮೇಲೆ ನಿಂತು ತಲೆಯೆತ್ತಿ ನೋಡುತ್ತಿದ್ದ ನನ್ನನ್ನು ಕುರಿ ಹೊಡೆದುಕೊಂಡು ಬಂದ ಒಬ್ಬ ಮುದುಕರು ಮಾತನಾಡಿಸಿದರು.

"ಏನ್ ಮೇಷ್ಟ್ರೇ, ಚುಕ್ಕಿ ನೋಡೋಕ್ ಬಂದ್ರಾ?"

"ಹೌದು ತಾತ."

"ಎಲ್ಲವೆ ಚುಕ್ಕಿ? ಎಲ್ಲಾ ಲೈಟೇ!" ಎಂದು ಅವರು ಪಶ್ಚಿಮದ ಕಡೆಗೆ ಕೋಲು ತೋರಿಸಿದರು.

ಪಶ್ಚಿಮದಲ್ಲಿ ಹೆದ್ದಾರಿಯ ದೀಪಗಳು, ಅವುಗಳಾಚೆ ಕೋಲಾರ, ಅದರಾಚೆ ನರಸಾಪುರದ ಕಾರ್ಖಾನೆಗಳು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಿಮಾಡಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸುವ ಕೆಲಸ 2018ರಲ್ಲಿ ಮೊದಲಾಯಿತು. ಅದು ಬೇಕೆಂದು ಕೇಳಿ ಪಡೆದದ್ದು. ನಗರದ ಬೆಳಕಾದರೋ ಯಾರೂ ಕೇಳದೆಯೇ ಹರಿದು ಬರುತ್ತಿದೆ.

ಆಶ್ಚರ್ಯವೆಂದರೆ, ಈ ಬೆಳಕು ಹರಿದು ಬರುವ ಹಾದಿಯಲ್ಲಿಯೇ, ಜಗತ್ತಿನಲ್ಲಿ ಅತ್ಯಂತ ಕತ್ತಲೆಯ ಸ್ಥಳವೊಂದಕ್ಕಾಗಿ ಕನ್ನಡಿಗಳು ಸಿದ್ಧವಾಗುತ್ತಿವೆ. ದೇವರಾಯಸಮುದ್ರದಲ್ಲಿ ಬಸ್ಸು ಹತ್ತಿ ಬೆಂಗಳೂರಿನ ಕಡೆಗೆ ಹೊರಟರೆ ಟೊಮೇಟೊ ತೋಟ, ಹಿಪ್ಪುನೇರಳೆಯ ಹೊಲ, ನೀಲಗಿರಿಯ ತೋಪುಗಳನ್ನು ದಾಟಿ ಒಂದು ಗಂಟೆಗೆ ಮಿಕ್ಕ ಹೊತ್ತಿನಲ್ಲಿ ಹೊಸಕೋಟೆ ಸಿಗುತ್ತದೆ. ಅಲ್ಲಿ ಶಿಡ್ಲಘಟ್ಟದ ರಸ್ತೆಗೆ ತಿರುಗಿದರೆ ಭಾರತೀಯ ಖಭೌತ ಸಂಸ್ಥೆಯ 'ಕ್ರೆಸ್ಟ್' ಆವರಣ. ಅದರೊಳಗೆ 2020ರ ಕೊನೆಯಲ್ಲಿ ಒಂದು ಹೊಸ ಕಾರ್ಯಾಗಾರ ಆರಂಭವಾಯಿತು. 'ಮೂವತ್ತು ಮೀಟರು ದೂರದರ್ಶಕ' ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ಭಾರತದ ಪಾಲಿಗೆ ಬಂದ ಕನ್ನಡಿಯ ತುಂಡುಗಳನ್ನು ಉಜ್ಜಿ ನಯಮಾಡುವ ತಾಣವೇ ಅದು. ಅಮೆರಿಕ, ಜಪಾನ್, ಕೆನಡಾ ಮೊದಲಾದವರೊಡನೆ ಸೇರಿ ಈ ಯೋಜನೆಯಲ್ಲಿ ಹತ್ತನೆಯ ಒಂದು ಪಾಲನ್ನು ಹೊರಲು ನಮ್ಮ ಕೇಂದ್ರ ಸಚಿವ ಸಂಪುಟವು 2014ರಲ್ಲಿ ಒಪ್ಪಿತು. ಅದಕ್ಕೆ ಗೊತ್ತುಮಾಡಿದ ಹಣ ಸುಮಾರು 1,300 ಕೋಟಿ ರೂಪಾಯಿ. ಆ ಹಣದ ಬಹುಪಾಲು ನೋಟುಗಳಾಗಿ ಹೊರದೇಶಕ್ಕೆ ಹೋಗದೆ, ಇಲ್ಲಿಯೇ ತಯಾರಾಗುವ ವಸ್ತುಗಳಾಗಿ ಹೋಗಬೇಕೆಂಬುದು ಒಪ್ಪಂದದ ಬುದ್ಧಿವಂತಿಕೆ.

ಕಾಲೇಜಿನ ಕೆಲವು ವಿದ್ಯಾರ್ಥಿಗಳೊಡನೆ ನಾನು ಅಲ್ಲಿಗೆ ಹೋದೆ. ಕನ್ನಡದ ಅಧ್ಯಾಪಕನಿಗೆ ದೂರದರ್ಶಕದ ಗೊಡವೆಯೇಕೆಂದು ಸಹೋದ್ಯೋಗಿಗಳು ನಗೆಯಾಡಿದರು. ನಕ್ಷತ್ರಗಳನ್ನು ಉಪಮಾನಕ್ಕೆ ಬಳಸಿಕೊಳ್ಳುವುದರಲ್ಲಿ ನಮ್ಮ ಕವಿಗಳು ಯಾರಿಗೂ ಹಿಂದಾಗಿಲ್ಲ. ಆ ನಕ್ಷತ್ರಗಳ ಸುತ್ತ ಏನಿದೆಯೆಂದು ಕೇಳುವ ಋಣವಾದರೂ ನಮಗಿದೆಯಷ್ಟೆ!

ಏನಿದೆ? ಗ್ರಹಗಳಿವೆ. 1995ರಲ್ಲಿ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೊ ಎಂಬ ಇಬ್ಬರು ಸ್ವಿಸ್ ವಿಜ್ಞಾನಿಗಳು ಫ್ರಾನ್ಸಿನ ವೇಧಶಾಲೆಯೊಂದರಿಂದ, 51 ಪೆಗಾಸಿ ಎಂಬ ಸೂರ್ಯಸದೃಶ ನಕ್ಷತ್ರವನ್ನು ಸುತ್ತುವ ಗ್ರಹವನ್ನು ಕಂಡುಹಿಡಿದರು. 2019ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 2025ರ ಸೆಪ್ಟೆಂಬರಿನ ಹೊತ್ತಿಗೆ ಇಂಥ ಗ್ರಹಗಳ ಎಣಿಕೆ 6,000ವನ್ನು ಮುಟ್ಟಿತು. ಆದರೆ ಇವುಗಳಲ್ಲಿ ನೇರವಾಗಿ ಚಿತ್ರಕ್ಕೆ ಸಿಕ್ಕವು ತೀರ ಕೆಲವು. ಮಿಕ್ಕವೆಲ್ಲ ಗುಟ್ಟಾಗಿ ಬಂದು ಹೋದ ನೆಂಟನನ್ನು ಅಂಗಳದ ಹೆಜ್ಜೆಯಿಂದ ಗುರುತಿಸುವಂತೆ ಪರೋಕ್ಷವಾಗಿ ತಿಳಿದಂಥವು. ಗ್ರಹವು ನಕ್ಷತ್ರವನ್ನು ಸುತ್ತುವಾಗ ನಕ್ಷತ್ರವೂ ತುಸು ಓಲಾಡುತ್ತದೆ. ಆ ಓಲಾಟದಿಂದ ಅದರ ಬೆಳಕಿನ ಬಣ್ಣಗಳು ಕೂದಲೆಳೆಯಷ್ಟು ಆಚೀಚೆ ಸರಿಯುತ್ತವೆ. ನಮ್ಮ ಗುರುಗ್ರಹವು ಸೂರ್ಯನನ್ನು ಸೆಕೆಂಡಿಗೆ ಸುಮಾರು 12 ಮೀಟರಿನಷ್ಟು ವೇಗದಲ್ಲಿ ತೂಗಾಡಿಸುತ್ತದೆ. ಭೂಮಿ ತೂಗಿಸುವುದು ಸೆಕೆಂಡಿಗೆ ಬರಿಯ 9 ಸೆಂಟಿಮೀಟರು, ಅರ್ಧ ಗೇಣಿಗೂ ಕಡಮೆ! ಅಷ್ಟು ದೂರದ ನಕ್ಷತ್ರವೊಂದರಲ್ಲಿ ಅರ್ಧ ಗೇಣಿನ ತೂಗಾಟವನ್ನು ಅಳೆಯಬೇಕಾದರೆ ಎಷ್ಟು ಬೆಳಕನ್ನು ಕೂಡಿಹಾಕಬೇಕು! ನಮ್ಮವರೂ ಈ ಕೆಲಸದಲ್ಲಿ ಹಿಂದೆ ಬಿದ್ದಿಲ್ಲ. ಅಹಮದಾಬಾದಿನ ಭೌತ ಸಂಶೋಧನಾಲಯದವರು ಅಬು ಪರ್ವತದ 1.2 ಮೀಟರು ದೂರದರ್ಶಕದಿಂದಲೇ, ಸುಮಾರು 600 ಜ್ಯೋತಿರ್ವರ್ಷ ದೂರದಲ್ಲಿ ಭೂಮಿಯ 27ರಷ್ಟು ತೂಕದ ಗ್ರಹವೊಂದರ ಇರವನ್ನು 2018ರಲ್ಲಿ ಸಾಧಿಸಿ ತೋರಿಸಿದರು.

ಆದರೆ ಭೂಮಿಯಂಥ ಗ್ರಹವನ್ನು ನೇರವಾಗಿ ಕಾಣುವುದು, ಅದರ ಗಾಳಿಯಲ್ಲಿ ಏನಿದೆಯೆಂದು ತಿಳಿಯುವುದು ಬೇರೆಯೇ ಮಾತು. ದೂರದಿಂದ ನೋಡುವವನಿಗೆ ನಮ್ಮ ಭೂಮಿಯ ಬೆಳಕು ಸೂರ್ಯನ ಬೆಳಕಿನ ಸುಮಾರು ಸಾವಿರ ಕೋಟಿಯಲ್ಲಿ ಒಂದು ಪಾಲು. ಇರುಳಲ್ಲಿ ಈ ಹೆದ್ದಾರಿಯಲ್ಲಿ ಎದುರಿಗೆ ಬರುವ ಲಾರಿಯ ದೀಪವನ್ನು ನೋಡುತ್ತ, ಅದರ ಮಗ್ಗುಲಲ್ಲಿ ಹಾರುವ ನುಸಿಯನ್ನು ಎರಡು ಹರದಾರಿ ದೂರದಿಂದ ಹುಡುಕುವುದೂ ಇದಕ್ಕಿಂತ ಸುಲಭ. ಇದಕ್ಕೆ ಬೇಕಾದುದು ಬಹು ದೊಡ್ಡ ಕಣ್ಣು. ಕಣ್ಣು ದೊಡ್ಡದಾದಷ್ಟೂ ಬೆಳಕು ಹೆಚ್ಚು ಸಿಗುತ್ತದೆ. ಹತ್ತಿರ ಹತ್ತಿರ ಇರುವ ಎರಡು ಬಿಂದುಗಳನ್ನು ಬೇರೆ ಬೇರೆಯಾಗಿ ಕಾಣುವ ಶಕ್ತಿಯೂ ಹೆಚ್ಚುತ್ತದೆ. ಮೂವತ್ತು ಮೀಟರಿನ ಕಣ್ಣಿಗೂ ಸೂರ್ಯನಂಥ ಉಜ್ವಲ ನಕ್ಷತ್ರದ ಪಕ್ಕದ ಭೂಮಿ ಸುಲಭಕ್ಕೆ ಸಿಕ್ಕದು. ಸೂರ್ಯನಿಗಿಂತ ಬಹಳ ಮಂಕಾದ, ಕೆಂಪು ನಕ್ಷತ್ರಗಳ ಬಳಿ ಇರುವ ಗ್ರಹಗಳ ಮೇಲೆ ಅದರ ಆಸೆ. 2016ರಲ್ಲಿ ಪತ್ತೆಯಾದ, ನಮಗೆ ಕೇವಲ 4.2 ಜ್ಯೋತಿರ್ವರ್ಷ ದೂರದ ಪ್ರಾಕ್ಸಿಮಾದ ಗ್ರಹವು ಆ ಬಗೆಯದು.

ಮೂವತ್ತು ಮೀಟರು ಅಗಲದ ಒಂದೇ ಗಾಜನ್ನು ಎರಕ ಹೊಯ್ಯುವವರಿಲ್ಲ. ಹೊಯ್ದರೂ ಬೆಟ್ಟಕ್ಕೆ ಹೊರುವವರಿಲ್ಲ. ಆದುದರಿಂದ 492 ಷಟ್ಕೋಣದ ತುಂಡುಗಳನ್ನು ಜೇನುಹುಟ್ಟಿನ ಕಣ್ಣುಗಳಂತೆ ಒಂದರ ಪಕ್ಕಕ್ಕೊಂದನ್ನು ಜೋಡಿಸಬೇಕು. ಒಂದೊಂದೂ ಮೂಲೆಯಿಂದ ಮೂಲೆಗೆ 1.44 ಮೀಟರು, ದಪ್ಪ ನಾಲ್ಕೂವರೆ ಸೆಂಟಿಮೀಟರು, ನಡುವಣ ಸಂದು ಎರಡೂವರೆ ಮಿಲಿಮೀಟರು. ಬಿಸಿಲಿಗೆ ಹಿಗ್ಗದ, ಚಳಿಗೆ ಕುಗ್ಗದ ವಿಶೇಷ ಗಾಜು ಜಪಾನಿನಿಂದ ದುಂಡನೆಯ ಬಿಲ್ಲೆಗಳಾಗಿ ಬರುತ್ತದೆ. ಭಾರತದಲ್ಲಿ ನಯವಾಗಬೇಕಾದವು ಎಂಬತ್ತಕ್ಕೂ ಮಿಕ್ಕು.

ಇಲ್ಲಿಯೇ ಇರುವುದು ಚಮತ್ಕಾರ. ದೊಡ್ಡ ಕನ್ನಡಿಯ ಒಟ್ಟು ಬಾಗು ಗೋಲದ ಬಾಗಲ್ಲ. ನಡುವಿನಿಂದ ಅಂಚಿಗೆ ಹೋದಂತೆ ಅದು ಬದಲಾಗುತ್ತ ಹೋಗುತ್ತದೆ. ಹಾಗಾಗಿ ತುಂಡುಗಳೆಲ್ಲ ಒಂದೇ ಅಚ್ಚಿನವಲ್ಲ. 82 ಬಗೆ, ಪ್ರತಿ ಬಗೆಯಲ್ಲಿಯೂ ಆರಾರು. ಗೋಲದ ಬಾಗಾದರೆ ಉಜ್ಜುವುದು ಸುಲಭ. ಗಾಜಿನ ಮೇಲೆ ಉಜ್ಜುವ ಫಲಕವನ್ನು ಎತ್ತ ಸರಿಸಿದರೂ ಸರಿಯೇ. ಈ ವಕ್ರವಾದ ಬಾಗನ್ನು ಉಜ್ಜುವುದು ಹೇಗೆ? ಕ್ಯಾಲಿಫೋರ್ನಿಯದ ಜೆರಿ ನೆಲ್ಸನ್ ಮತ್ತು ಜೇಕಬ್ ಲುಬ್ಲಿನರ್ ಎಂಬವರು ಹವಾಯಿಯ ಕೆಕ್ ದೂರದರ್ಶಕಕ್ಕಾಗಿ ಒಂದು ಉಪಾಯ ಹೂಡಿದರು. ಬಿಲ್ಲೆಯ ಅಂಚಿನ ಸುತ್ತ ಸನ್ನೆಗೋಲುಗಳನ್ನು ಕಟ್ಟಿ, ಲೆಕ್ಕ ಹಾಕಿದಷ್ಟೇ ಭಾರ ಹೇರಿ, ಗಾಜನ್ನೇ ಬಗ್ಗಿಸುವುದು. ಬಗ್ಗಿದ ಸ್ಥಿತಿಯಲ್ಲಿ ಅದನ್ನು ಗೋಲದ ಬಾಗಿಗೇ ಉಜ್ಜುವುದು. ಆಮೇಲೆ ಭಾರ ತೆಗೆದರೆ, ಹೆದೆ ಇಳಿಸಿದ ಬಿಲ್ಲಿನಂತೆ ಗಾಜು ತನ್ನ ನಿಲುವಿಗೆ ಮರಳುತ್ತದೆ. ಆಗ ಅದರ ಮೇಲ್ಮೈ ನಮಗೆ ಬೇಕಾದ ವಕ್ರತೆಯನ್ನು ತಾನಾಗಿಯೇ ತಳೆದಿರುತ್ತದೆ! ಗಾಜೂ ಬಾಗುತ್ತದೆಂಬುದನ್ನೇ ನಂಬದ ನನ್ನಂಥವನಿಗೆ ಇದು ಕೇಳಿದ ಕೂಡಲೇ ಹಿಡಿಸಿತು. ಬಳಿಕ ಬಿಲ್ಲೆಯನ್ನು ಷಟ್ಕೋಣವಾಗಿ ಕತ್ತರಿಸುತ್ತಾರೆ. ಕತ್ತರಿಸಿದಾಗ ಆಗುವ ಸಣ್ಣ ವಿಕಾರಗಳನ್ನು ಕೊನೆಗೆ ಅಯಾನುಗಳ ಧಾರೆಯಿಂದ ಕೆತ್ತಿ ತಿದ್ದುತ್ತಾರೆ. ಲೆಕ್ಕವೆಲ್ಲ ನ್ಯಾನೋಮೀಟರಿನಲ್ಲಿ, ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನಲ್ಲಿ. ಇಂಥ ಕೆಲಸದ ಮನೆಯಲ್ಲಿ ಒಂದು ಕಣ ಧೂಳು ಬಿದ್ದರೂ ಅನಾಹುತ. ಹೊರಗಿನ ರಸ್ತೆಯ ಕೆಂಧೂಳಿಗೂ ಒಳಗಿನ ನೈರ್ಮಲ್ಯಕ್ಕೂ ನಡುವೆ ಇರುವುದು ನಾಲ್ಕು ಗೋಡೆ ಮಾತ್ರ.

ಹೀಗೆ ನಯವಾದ ತುಂಡುಗಳನ್ನು ಜೋಡಿಸಿಟ್ಟರೆ ಸಾಲದು. ಒಂದೊಂದರ ಕೆಳಗೂ ಮೂರು ಚಾಲಕಗಳು ಅದನ್ನು ಎತ್ತಿ ಇಳಿಸಿ ಓರಣಗೊಳಿಸುತ್ತಿರಬೇಕು. ಅಂಚಿನ ಸಂವೇದಕಗಳು ನೆರೆಯ ತುಂಡು ಎಷ್ಟು ಏರುಪೇರಾಗಿದೆಯೆಂದು ಕ್ಷಣಕ್ಷಣಕ್ಕೂ ಹೇಳುತ್ತಿರಬೇಕು. ಅವುಗಳಲ್ಲಿ ಹಲವು ಭಾಗಗಳೂ ಭಾರತದ ಹೊಣೆಯೇ. ಅಷ್ಟಾದ ಮೇಲೆ ನಮ್ಮ ವಾಯುಮಂಡಲದ ಕದಡಾಟವನ್ನು ಸರಿಪಡಿಸಲು ಮತ್ತೊಂದು ಚಿಕ್ಕ ಕನ್ನಡಿ ಸೆಕೆಂಡಿಗೆ ನೂರಾರು ಸಲ ತನ್ನ ಆಕಾರವನ್ನು ಬದಲಿಸಿಕೊಳ್ಳುತ್ತದೆ.

ಕನ್ನಡಿ ಉಜ್ಜುವ ವಿದ್ಯೆ ಈ ಪ್ರಾಂತಕ್ಕೆ ಹೊಸದಲ್ಲ. ದೇವರಾಯಸಮುದ್ರದಿಂದ ಆಗ್ನೇಯಕ್ಕೆ ನೇರ ಗೆರೆ ಎಳೆದರೆ ನೂರು ಕಿಲೋಮೀಟರಿಗೂ ಕಡಮೆ ದೂರದಲ್ಲಿ ತಮಿಳುನಾಡಿನ ಜವ್ವಾದಿ ಬೆಟ್ಟಗಳಿವೆ. ಅಲ್ಲಿಯ ಕಾವಲೂರಿನ ಕಾಡನ್ನು ವೇಣು ಬಾಪು ಅವರು ನಕ್ಷತ್ರ ವೀಕ್ಷಣೆಗೆ ಆರಿಸಿಕೊಂಡರು. ಅವರು ಕನಸು ಕಂಡ 2.34 ಮೀಟರು ಕನ್ನಡಿಯನ್ನು ಬೆಂಗಳೂರಿನಲ್ಲಿಯೇ ಎ. ಪಿ. ಜಯರಾಜನ್ ಮತ್ತು ಸಂಗಡಿಗರು ತಾಳ್ಮೆಯಿಂದ ಉಜ್ಜಿ ಸಿದ್ಧಪಡಿಸಿದರು. ಬಾಪು 1982ರಲ್ಲಿಯೇ ತೀರಿಕೊಂಡರು. ದೂರದರ್ಶಕ 1986ರ ಜನವರಿಯಲ್ಲಿ ಅವರ ಹೆಸರನ್ನೇ ಹೊತ್ತು ಕಣ್ಣು ತೆರೆಯಿತು. ಮೂವತ್ತು ಮೀಟರಿನದು ಅದರ 160ರಷ್ಟು ಬೆಳಕನ್ನು ಹಿಡಿಯಬಲ್ಲುದು.

ಕ್ರೆಸ್ಟ್‌ನಲ್ಲಿ ಇದನ್ನೆಲ್ಲ ಕೇಳಿ ಹೊರಗೆ ಬರುವಾಗ, ಅಷ್ಟು ಹೊತ್ತೂ ತುಟಿ ಬಿಚ್ಚದಿದ್ದ ಒಬ್ಬ ಹುಡುಗಿ ಕೇಳಿದಳು: "ಸಾರ್, ಇದನ್ನ ಯಾವ ಬೆಟ್ಟದ ಮೇಲೆ ಇಡ್ತಾರೆ?"

ಎಲ್ಲ ಕನ್ನಡಿಗಳಿಗಿಂತ ಕಠಿನವಾದುದು ಈ ಪ್ರಶ್ನೆಯೇ. ಯೋಜನೆಯವರು ಆರಿಸಿದ್ದು ಹವಾಯಿಯ ಮೌನಾ ಕೇಯ. ಶಾಂತ ಮಹಾಸಾಗರದ ನಡುವೆ 4,205 ಮೀಟರು ಎತ್ತರಕ್ಕೆ ನಿಂತ ಸುಪ್ತ ಜ್ವಾಲಾಮುಖಿ ಅದು. ಒಣ ಗಾಳಿ, ನಿಶ್ಚಲವಾದ ಆಕಾಶ, ಕಗ್ಗತ್ತಲೆ; ಖಗೋಳಜ್ಞರಿಗೆ ಅದಕ್ಕಿಂತ ಒಳ್ಳೆಯ ನೆಲೆ ವಿರಳ. ಹವಾಯಿಯ ಮೂಲ ನಿವಾಸಿಗಳಿಗಾದರೋ ಆ ಪರ್ವತ ಆಕಾಶಪಿತನಾದ ವಾಕೇಯ ಮತ್ತು ಭೂಮಾತೆಯ ಚೊಚ್ಚಲ ಮಗು, ತಮ್ಮ ಕುಲದ ಹಿರಿಯಣ್ಣ. ಅಲ್ಲಿ ಅದಾಗಲೇ ಹದಿಮೂರು ದೂರದರ್ಶಕಗಳು ನಿಂತಿದ್ದವು. ಹದಿನಾಲ್ಕನೆಯದಕ್ಕೆ, ಅದೂ ಎಲ್ಲಕ್ಕಿಂತ ದೊಡ್ಡದಕ್ಕೆ, ಅವರು ಅಡ್ಡ ನಿಂತರು. 2015ರಲ್ಲಿ ಕೆಲಸ ನಿಂತಿತು. ಆ ವರ್ಷದ ಡಿಸೆಂಬರಿನಲ್ಲಿ ಹವಾಯಿಯ ಸರ್ವೋಚ್ಚ ನ್ಯಾಯಾಲಯ ಪರವಾನಗಿಯನ್ನು ರದ್ದುಪಡಿಸಿತು. ಮತ್ತೆ ಕೊಟ್ಟ ಪರವಾನಗಿಯನ್ನು 2018ರಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. 2019ರ ಜುಲೈಯಲ್ಲಿ ಯಂತ್ರಗಳು ಬೆಟ್ಟ ಹತ್ತಬೇಕೆನ್ನುವಾಗ ಅಜ್ಜ ಅಜ್ಜಿಯರು ರಸ್ತೆಯಲ್ಲಿಯೇ ಕುಳಿತು ಬಂಧನಕ್ಕೊಳಗಾದರು. ಯಂತ್ರಗಳು ಮೇಲೇರಲಿಲ್ಲ.

2025ರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ಎರಡು ಮಹಾ ದೂರದರ್ಶಕಗಳಿಗೆ ಹಣವಿಲ್ಲವೆಂದು, ಚಿಲಿಯಲ್ಲಿ ಏಳುತ್ತಿರುವ ಮತ್ತೊಂದನ್ನು ಮಾತ್ರ ಮುಂದಿನ ಹಂತಕ್ಕೆ ಆರಿಸಿಕೊಂಡಿತು. ಆ ವರ್ಷದ ಜುಲೈಯಲ್ಲಿ ಸ್ಪೇನ್ ದೇಶವು ತನ್ನ ಲಾ ಪಾಲ್ಮಾ ದ್ವೀಪಕ್ಕೆ ಬರುವುದಾದರೆ 40 ಕೋಟಿ ಯೂರೋ ಕೊಡುವೆನೆಂದಿತು. ಇತ್ತ ಯೂರೋಪಿನವರು ಚಿಲಿಯ ಅರ್ಮಸೋನೆಸ್ ಶಿಖರದಲ್ಲಿ 798 ತುಂಡುಗಳ 39 ಮೀಟರು ಕನ್ನಡಿಯ ದೂರದರ್ಶಕವನ್ನು ಬಹಳ ಮುಂದಕ್ಕೆ ಒಯ್ದಿದ್ದಾರೆ.

ನನ್ನೊಡನಿದ್ದ ವಿದ್ಯಾರ್ಥಿಗಳು ಎರಡು ಪಕ್ಷವಾದರು. ಇಷ್ಟು ದೊಡ್ಡ ವಿಜ್ಞಾನಕ್ಕೆ ಒಂದು ಬೋಳು ಗುಡ್ಡ ಕೊಡಲಾರರೆ ಎಂದು ಕೆಲವರು. ಆಗ ನನಗೆ ನೆನಪಾದುದು ನಮ್ಮ ಆವಣಿ ಬೆಟ್ಟ. ಸೀತೆ ಅಲ್ಲಿಯೇ ಲವಕುಶರನ್ನು ಹೆತ್ತಳೆಂದು ನಂಬಿ ಹರಕೆ ಹೊತ್ತ ತಾಯಂದಿರು ಇಂದಿಗೂ ಆ ಬೆಟ್ಟವನ್ನು ಹತ್ತುತ್ತಾರೆ. ನಾಳೆ ಯಾರಾದರೂ ಬಂದು, ಇದು ಬರಿಯ ಕಲ್ಲು, ಇಲ್ಲೊಂದು ಹದಿನೆಂಟು ಮಾಳಿಗೆಯ ಕಟ್ಟಡ ಕಟ್ಟುತ್ತೇವೆ, ಜಗತ್ತಿಗೆ ಉಪಕಾರವಾಗುತ್ತದೆ ಎಂದರೆ ಮುಳಬಾಗಿಲಿನವರು ಸುಮ್ಮನಿರುತ್ತಾರೆಯೆ? ಕೋಲಾರ ಜಿಲ್ಲೆಯ ಎಷ್ಟೋ ಗುಡ್ಡಗಳು ಜಲ್ಲಿಯಾಗಿ, ಚಪ್ಪಡಿಯಾಗಿ ಲಾರಿ ಹತ್ತಿ ಹೋದುದನ್ನು ಕಣ್ಣಾರೆ ಕಂಡವರು ನಾವು. ಬೆಟ್ಟವೊಂದನ್ನು ಕಳೆದುಕೊಂಡವರಿಗೆ ಇನ್ನೊಬ್ಬರ ಬೆಟ್ಟದ ನೋವು ತಿಳಿಯದಿದ್ದರೆ ಆ ಓದು ಏಕೆ? ಹಾಗೆಂದು ದೂರದರ್ಶಕವೇ ಬೇಡವೆನ್ನುವವನೂ ನಾನಲ್ಲ. ಅದು ಬೆಟ್ಟವನ್ನು ಪುಡಿಮಾಡಿ ಮಾರುವುದಿಲ್ಲ. ಅದಕ್ಕೆ ಬೇಕಾದುದು ಬೆಟ್ಟದ ಕತ್ತಲೆ ಮಾತ್ರ. ಆದರೆ ಕತ್ತಲೆಯನ್ನಾದರೂ ಆ ಬೆಟ್ಟದವರನ್ನು ಕೇಳಿ ಪಡೆಯಬೇಕು. ಮೊದಲ ಹದಿಮೂರನ್ನು ಕಟ್ಟುವಾಗ ಸರಿಯಾಗಿ ಕೇಳದಿದ್ದುದರ ಬಡ್ಡಿಯನ್ನು ಹದಿನಾಲ್ಕನೆಯದು ತೆರುತ್ತಿದೆ ಎಂದೇ ನನ್ನ ಎಣಿಕೆ. ಹವಾಯಿಯವರು 2022ರಲ್ಲಿ ಕಾನೂನು ಮಾಡಿ, ಮೂಲ ನಿವಾಸಿಗಳೂ ಕುಳಿತುಕೊಳ್ಳುವ ಹೊಸ ಮಂಡಲಿಗೆ ಆ ಪರ್ವತದ ಆಡಳಿತವನ್ನು ವಹಿಸಲು ಹೊರಟದ್ದು ತಡವಾಗಿಯಾದರೂ ನ್ಯಾಯವೇ.

ಕೇಳಿ ಪಡೆಯುವುದು ಹೇಗೆಂಬುದಕ್ಕೆ ಉದಾಹರಣೆ ದೂರದಲ್ಲಿಲ್ಲ. ಅದೇ ಹೊಸಕೋಟೆಯ ಆವರಣದಲ್ಲಿದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರು ಎತ್ತರದ ಗುಡ್ಡದ ಮೇಲೆ ಎರಡು ಮೀಟರಿನ ಹಿಮಾಲಯ ಚಂದ್ರ ದೂರದರ್ಶಕವಿದೆ. 2001ರಿಂದ ಅದನ್ನು ನಡೆಸುವುದು ಉಪಗ್ರಹದ ಸಂಪರ್ಕದಿಂದ, ಹೊಸಕೋಟೆಯ ಕೊಠಡಿಯೊಂದರಲ್ಲಿ ಕುಳಿತು! ಅಲ್ಲಿ ಹಿಮ ಬೀಳುವ ಇರುಳಲ್ಲಿ ಇಲ್ಲಿ ಜೀರುಂಡೆ ಕೂಗುತ್ತಿರುತ್ತದೆ. 2022ರಲ್ಲಿ ಹಾನ್ಲೆಯ ಸುತ್ತಲಿನ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ತಾಣವೆಂದು ಗೊತ್ತುಮಾಡಿದಾಗ, ಆ ಹಳ್ಳಿಗಳ 24 ಮಂದಿಗೆ ಚಿಕ್ಕ ದೂರದರ್ಶಕಗಳನ್ನು ಕೊಟ್ಟು, ಬರುವ ಪ್ರವಾಸಿಗಳಿಗೆ ಆಕಾಶ ತೋರಿಸುವ ವಿದ್ಯೆಯನ್ನು ಕಲಿಸಿದರು. ಅವರ ಮನೆಗಳಲ್ಲಿಯೇ ಅತಿಥಿಗಳು ತಂಗುತ್ತಾರೆ. ಕತ್ತಲೆ ಉಳಿದರೆ ಅವರ ಒಲೆಯೂ ಉರಿಯುತ್ತದೆ. ಅದೇ ಹಾನ್ಲೆಯಲ್ಲಿ 13.7 ಮೀಟರಿನ ಸ್ವದೇಶೀ ದೂರದರ್ಶಕವೊಂದನ್ನು ನಿಲ್ಲಿಸುವ ಯೋಜನೆ ನಮ್ಮ ಖಗೋಳಜ್ಞರದು. ಅದರ ಕನ್ನಡಿಯೂ ಷಟ್ಕೋಣದ ತುಂಡುಗಳದೇ. ಮೌನಾ ಕೇಯದ ಹೆಸರಿನಲ್ಲಿ ಹೊಸಕೋಟೆಯ ಕೈಗಳು ಕಲಿತ ವಿದ್ಯೆ ಆ ಬೆಟ್ಟ ಸಿಗಲಿ, ಸಿಗದಿರಲಿ, ಹಿಮಾಲಯಕ್ಕೆ ಸಲ್ಲಬಲ್ಲುದು. ಹುಡುಗಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಅವಳಿಗೆ ಪೂರ್ತಿ ತೃಪ್ತಿಯಾದಂತೆ ಕಾಣಲಿಲ್ಲ.

ಇಷ್ಟು ಹೇಳಿ, ಈ ಗ್ರಹಗಳ ಕಥೆಯಲ್ಲಿ ಕೋಲಾರದ ನೆಲಕ್ಕಿರುವ ಪಾಲನ್ನು ಹೇಳದಿದ್ದರೆ ಊರಿನವರು ಒಪ್ಪಲಾರರು. ಕ್ರೆಸ್ಟ್ ಆವರಣದಲ್ಲಿಯೇ ಎಂ. ಜಿ. ಕೆ. ಮೆನನ್ ಅವರ ಹೆಸರಿನ ಪ್ರಯೋಗಾಲಯವಿದೆ. ಸೂರ್ಯನನ್ನು ನೋಡಲು 2023ರಲ್ಲಿ ಹಾರಿದ ಆದಿತ್ಯ ನೌಕೆಯ ಮುಖ್ಯ ಉಪಕರಣ ಅಲ್ಲಿಯೇ ಸಿದ್ಧವಾಯಿತು. ಆ ಮೆನನ್ ಅವರು ಹಿಂದೆ ಕೋಲಾರದ ಚಿನ್ನದ ಗಣಿಯ ಆಳದಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಕೆಳಗೆ, ಆಕಾಶದಿಂದ ಬರುವ ಕಣಗಳನ್ನು ಹಿಡಿದವರು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು 1965ರಲ್ಲಿ ಅಲ್ಲಿ ಸಿಕ್ಕಿತು. ಅದೇ ಗಣಿಯ ಪ್ರಯೋಗಗಳಲ್ಲಿ ಪಾಲ್ಗೊಂಡವರು ಬಂಗಾಳದ ಬಿಭಾ ಚೌಧುರಿ ಎಂಬ ವಿದುಷಿ. ಬದುಕಿದ್ದಾಗ ಅವರಿಗೆ ದೊಡ್ಡ ಮನ್ನಣೆಯೊಂದೂ ದೊರೆಯಲಿಲ್ಲ, 1991ರಲ್ಲಿ ತೀರಿಕೊಂಡರು. ಗಣಿಯೂ 2001ರಲ್ಲಿ ಮುಚ್ಚಿತು. 2019ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ದೇಶಕ್ಕೊಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಕೊಟ್ಟಾಗ ಭಾರತದ ಪಾಲಿನ ನಕ್ಷತ್ರಕ್ಕೆ 'ಬಿಭಾ' ಎಂದೇ ಹೆಸರಾಯಿತು. ಅದರ ಗ್ರಹ 'ಸಂತಮಸ', ಎಂದರೆ ಎಲ್ಲೆಡೆ ಕವಿದ ಕತ್ತಲೆ. ಆ ಗ್ರಹ 2006ರಲ್ಲಿ ಪತ್ತೆಯಾದದ್ದು ಕೆಕ್ ದೂರದರ್ಶಕದಿಂದ, ಅದೇ ಮೌನಾ ಕೇಯದ ನೆತ್ತಿಯಿಂದ.

ನೋಡಬಯಸುವವರು ಮಾರ್ಚ್ ತಿಂಗಳ ಚಂದ್ರನಿಲ್ಲದ ರಾತ್ರಿ ಒಂಬತ್ತು ಹತ್ತು ಗಂಟೆಗೆ, ನೆತ್ತಿಯ ಬಳಿಗೆ ಬಂದಿರುವ ಮಘಾ ನಕ್ಷತ್ರವನ್ನು ಗುರುತಿಸಿಕೊಳ್ಳಬೇಕು. ಅಲ್ಲಿಂದ ದಕ್ಷಿಣಕ್ಕೆ, ಚಾಚಿದ ಕೈಯ ಒಂದೂವರೆ ಮುಷ್ಟಿಯಷ್ಟು ಕೆಳಗೆ, ತುಸು ಪಶ್ಚಿಮಕ್ಕೆ ಬಿಭಾ ಇದೆ. ಬರಿಗಣ್ಣಿಗೆ ಕಾಣದು, ಒಳ್ಳೆಯ ದುರ್ಬೀನು ಬೇಕು, ಹೆದ್ದಾರಿಯ ಕಡೆಗೆ ಬೆನ್ನು ಮಾಡಿ ನಿಲ್ಲಲು ಒಂದು ಬಂಡೆಯೂ ಬೇಕು.